ತೂಬು ಕಟ್ಟಿದ ಸೈನಸ್: ಇಪ್ಪತ್ತು ವರ್ಷ ಹಿಂದಿನ ಏಟು ಇವತ್ತು ಕಣ್ಣನ್ನು ತಳ್ಳುವ ಬಗೆ

ನಮ್ಮ ಸೋದರಮಾವನ ಎಡಗಣ್ಣು ಜಾಗ ಬಿಟ್ಟಿದೆ ಎಂದು ಮೊದಲು ಕಂಡುಹಿಡಿದವರು ಅತ್ತೆ. ವಿರಾಜಪೇಟೆ ಹತ್ತಿರದ ಅವರ ಮನೆಗೆ ಸುಣ್ಣ ಬಣ್ಣ ಹೊಡೆಸುವುದಿತ್ತು. ಗೋಡೆಯ ಮೇಲಿನ ಫೋಟೊಗಳನ್ನೆಲ್ಲ ಇಳಿಸಿ ಒರೆಸುವಾಗ ಮದುವೆಯ ಫೋಟೊ ಕೈಗೆ ಬಂತು. ಅದರಲ್ಲಿ ಮಾವನ ಎರಡೂ ಕಣ್ಣು ಒಂದೇ ಸಾಲಿನಲ್ಲಿವೆ. ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದ ಮಾವನ ಎಡಗಣ್ಣು ಮಾತ್ರ ಬಲಗಣ್ಣಿಗಿಂತ ಸ್ವಲ್ಪ ಕೆಳಗಿದೆ, ಸ್ವಲ್ಪ ಹೊರಕ್ಕೂ ಸರಿದಿದೆ. "ಇದು ಯಾವಾಗಿಂದ ಹೀಗೆ?" ಎಂದು ಅತ್ತೆ ಕೇಳಿದರೆ ಮಾವನಿಗೂ ಗೊತ್ತಿಲ್ಲ. ವರ್ಷಗಟ್ಟಲೆ ನಿಧಾನವಾಗಿ ಆಗುವ ಬದಲಾವಣೆ ದಿನಾ ಕನ್ನಡಿ ನೋಡುವವರಿಗೆ ಕಾಣುವುದಿಲ್ಲ.

ನಾನು ಮೈಸೂರಿನಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯೆ. ಅತ್ತೆ ಎರಡು ಫೋಟೊ ಕಳಿಸಿದರು: ಒಂದು ಮದುವೆಯದು, ಇನ್ನೊಂದು ಅವತ್ತೇ ಜಗಲಿಯಲ್ಲಿ ತೆಗೆದದ್ದು. ಆ ಹೊತ್ತಿಗೆ ಮಾವ ಎರಡು ವರ್ಷದಿಂದ ಹಣೆನೋವಿಗೆ ಮಾತ್ರೆ ನುಂಗುತ್ತಿದ್ದರು. ಜೂನ್‌ನಲ್ಲಿ ಮಳೆ ಹಿಡಿದರೆ ಕೊಡವರ ಕಕ್ಕಡ ತಿಂಗಳು (ಜುಲೈ-ಆಗಸ್ಟ್) ಕಳೆಯುವವರೆಗೂ ಕೊಡಗಿನಲ್ಲಿ ಯಾರಿಗೆ ತಾನೇ ಮೂಗು ಕಟ್ಟುವುದಿಲ್ಲ, ತಲೆ ಭಾರವಾಗುವುದಿಲ್ಲ? "ನನಗೆ ಸೈನಸ್ ಇದೆ" ಎನ್ನುವ ಮಾತು ನಮ್ಮಲ್ಲಿ ಮನೆಮನೆಯ ಮಾತು. ಮಾವನದೂ ಅದೇ ಎಂದು ಎಲ್ಲರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಫೋಟೊ ನೋಡಿದ ಮೇಲೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: "ಮಾವ, ಹಣೆಗೆ ಯಾವತ್ತಾದರೂ ಜೋರಾಗಿ ಏಟು ಬಿದ್ದಿತ್ತಾ?"

"ಇಲ್ಲಮ್ಮ" ಎಂದರು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಹಾಕಿ ಚೆಂಡು ಬಡಿದು ಹೊಲಿಗೆ ಹಾಕಿಸಿದ್ದು ನೆನಪಿಲ್ವಾ?" ಮಾವ ನಕ್ಕರು. "ಅಯ್ಯೋ, ಅದು ಯಾವ ಕಾಲದ್ದು, ಕಾಲೇಜಿನಲ್ಲಿದ್ದಾಗ!"

ಆ ಯಾವುದೋ ಕಾಲದ ಏಟೇ ಕಾರಣವಾಗಿತ್ತು. ಮಾವನಿಗೆ ಇದ್ದದ್ದು ಹಣೆಯ ಸೈನಸ್ಸಿನ ಮ್ಯೂಕೋಸೀಲ್, ಅಂದರೆ ಹೊರದಾರಿ ಮುಚ್ಚಿ ಲೋಳೆ ತುಂಬಿ ಹಿಗ್ಗಿದ ಚೀಲ. ಈ ಕಾಯಿಲೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಕಾರಣಕ್ಕೂ ತೊಂದರೆಗೂ ನಡುವಿನ ಈ ಉದ್ದದ ಅಂತರ. ರೋಗಿ ಮರೆತಿರುತ್ತಾರೆ, ವೈದ್ಯರು ಕೇಳಿರುವುದಿಲ್ಲ. ಹಾಗಾಗಿ ಕೈಗೆ ಸಿಗಬಹುದಾದ ರೋಗ ವರ್ಷಗಟ್ಟಲೆ ತಪ್ಪಿಸಿಕೊಳ್ಳುತ್ತದೆ.

ಕೆರೆ, ತೂಬು, ಏರಿ

ಸೈನಸ್ ಎಂಬುದು ರೋಗದ ಹೆಸರಲ್ಲ. ಮುಖದ ಮೂಳೆಗಳ ಒಳಗೆ ಇರುವ, ಗಾಳಿ ತುಂಬಿದ ಗೂಡುಗಳಿಗೆ ಆ ಹೆಸರು. ಹುಬ್ಬಿನ ಮೇಲೆ ಹಣೆಯಲ್ಲಿ ಒಂದು ಜೋಡಿ, ಕೆನ್ನೆಯಲ್ಲಿ ಒಂದು ಜೋಡಿ, ಎರಡು ಕಣ್ಣುಗಳ ನಡುವೆ ಜೇನುಹುಟ್ಟಿನಂತೆ ಸಣ್ಣ ಸಣ್ಣ ಕೋಣೆಗಳ ಎತ್ಮಾಯ್ಡ್ ಗುಂಪು, ತಲೆಯ ನಟ್ಟನಡುವೆ ಮೆದುಳಿನ ಬುಡದಲ್ಲಿ ಸ್ಫೀನಾಯ್ಡ್ ಜೋಡಿ. ಹಣೆಯ ಗೂಡು ಹುಟ್ಟುವಾಗ ಇರುವುದಿಲ್ಲ. ಬಾಲ್ಯದಲ್ಲಿ ಮೂಡಿ ಹದಿಹರೆಯ ಮುಗಿಯುವ ಹೊತ್ತಿಗೆ ಪೂರ್ತಿ ಬೆಳೆಯುತ್ತದೆ.

ಈ ಗೂಡುಗಳ ಒಳಗೋಡೆಗೆ ತೆಳುವಾದ ಲೋಳೆಪೊರೆ ಇದೆ. ಅದು ಹಗಲೂ ರಾತ್ರಿ ಲೋಳೆ ಒಸರುತ್ತದೆ. ಒಸರಿದ್ದೆಲ್ಲ ಒಂದು ಕಿರಿದಾದ ಕಂಡಿಯ ಮೂಲಕ ಮೂಗಿಗೆ ಇಳಿದು ಗಂಟಲಿಗೆ ಹೋಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ತೋಟದ ಕೆರೆಯನ್ನು ನೆನೆಸಿಕೊಳ್ಳಿ. ಒರತೆ ನಿಲ್ಲುವುದಿಲ್ಲ, ಹೆಚ್ಚಾದ ನೀರು ತೂಬಿನಲ್ಲಿ ಹೊರಗೆ ಹೋಗುತ್ತದೆ, ಏರಿ ಭದ್ರವಾಗಿರುತ್ತದೆ. ಸೈನಸ್ಸಿನಲ್ಲಿ ಲೋಳೆಪೊರೆಯೇ ಒರತೆ, ಕಂಡಿಯೇ ತೂಬು, ಮೂಳೆಯ ಗೋಡೆಯೇ ಏರಿ.

ಒಂದು ವಿಷಯದಲ್ಲಿ ಮಾತ್ರ ಈ ಹೋಲಿಕೆ ಸರಿಹೊಂದುವುದಿಲ್ಲ. ಕೆರೆಯ ನೀರು ಇಳಿಜಾರಿಗೆ ಹರಿಯುತ್ತದೆ. ಸೈನಸ್ಸಿನ ಲೋಳೆ ಹರಿಯುವುದಿಲ್ಲ, ಅದನ್ನು ಸಾಗಿಸಬೇಕು. ಪೊರೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ಭತ್ತದ ಗದ್ದೆ ಬಾಗುವಂತೆ ಅವು ಒಂದೇ ದಿಕ್ಕಿಗೆ ಬಾಗಿ ಎದ್ದು ಲೋಳೆಯನ್ನು ಕಂಡಿಯ ಕಡೆಗೆ ತಳ್ಳುತ್ತವೆ. ಕೆನ್ನೆಯ ಸೈನಸ್ಸಿನ ಕಂಡಿ ಇರುವುದು ಗೂಡಿನ ಮೇಲ್ಭಾಗದಲ್ಲಿ, ಅಂದರೆ ಲೋಳೆ ಅಲ್ಲಿ ಗೋಡೆ ಹತ್ತಿ ಹೋಗಬೇಕು. ಆಸ್ಟ್ರಿಯಾದ ಗ್ರಾಜ್ ನಗರದ ವೈದ್ಯ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಈ ಹಾದಿಗಳನ್ನು ವರ್ಷಗಟ್ಟಲೆ ಗಮನಿಸಿ ದಾಖಲಿಸಿದರು. ಬೇರೆ ಕಡೆ ಎಷ್ಟು ದೊಡ್ಡ ತೂತು ಕೊರೆದರೂ ಲೋಳೆ ಆ ತೂತಿನ ಪಕ್ಕದಲ್ಲೇ ಹಾದು ಹುಟ್ಟಿನಿಂದ ಬಂದ ಕಂಡಿಯನ್ನೇ ಹುಡುಕಿಕೊಂಡು ಹೋಗುತ್ತದೆ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ಆ ಒಂದು ಕಂಡಿ ಕಟ್ಟಿಕೊಂಡರೆ ಬೇರೆ ದಾರಿ ಇಲ್ಲ ಎನ್ನುವುದು ಇದರ ಅರ್ಥ.

ಹಣೆಯ ಸೈನಸ್ಸಿನ ಕಂಡಿಯಂತೂ ಮರಳು ಗಡಿಯಾರದ ಸೊಂಟದಷ್ಟು ಸಪೂರ, ಸುತ್ತಲೂ ಎತ್ಮಾಯ್ಡ್ ಕೋಣೆಗಳು ಒತ್ತಿಕೊಂಡಿರುತ್ತವೆ. ಹತ್ತು ಮ್ಯೂಕೋಸೀಲ್‌ಗಳಲ್ಲಿ ಆರಕ್ಕಿಂತ ಹೆಚ್ಚು ಇಲ್ಲೇ ಆಗುವುದಕ್ಕೆ ಈ ಇಕ್ಕಟ್ಟೇ ಕಾರಣ. ಆಮೇಲಿನ ಸ್ಥಾನ ಎತ್ಮಾಯ್ಡ್‌ಗೆ. ಕೆನ್ನೆಯಲ್ಲಿ ಕಡಿಮೆ, ಸ್ಫೀನಾಯ್ಡ್‌ನಲ್ಲಿ ತೀರಾ ಅಪರೂಪ.

ತೂಬು ಕಟ್ಟಿದರೂ ಒರತೆ ನಿಲ್ಲದಿದ್ದರೆ ಏನಾಗುತ್ತದೆ? ಲೋಳೆ ತುಂಬುತ್ತದೆ, ಗಟ್ಟಿಯಾಗುತ್ತದೆ, ಗೂಡು ಪೂರ್ತಿ ತುಂಬಿದ ಮೇಲೆ ಗೋಡೆಯನ್ನು ಒತ್ತುತ್ತದೆ. ಆ ಲೋಳೆ ಚೀಲವೇ ಮ್ಯೂಕೋಸೀಲ್. ಇದೇ ಹೆಸರಿನಲ್ಲಿ ಕೆಳತುಟಿಯ ಒಳಗೆ ಏಳುವ ನೀರುಗುಳ್ಳೆಯನ್ನೂ ಕರೆಯುತ್ತಾರೆ. ಅದು ಎಂಜಲ ಗ್ರಂಥಿಯದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಸೈನಸ್ಸಿನ ಮ್ಯೂಕೋಸೀಲನ್ನು 1820ರಲ್ಲಿ ವಿವರಿಸಿದ ಲಾಂಗೆನ್‌ಬೆಕ್ ಅದನ್ನು ಹೈಡಾಟಿಡ್, ಅಂದರೆ ನೀರುಚೀಲ ಎಂದು ಕರೆದಿದ್ದರು. ಈಗಿನ ಹೆಸರು ಬಂದದ್ದು ಆಮೇಲೆ.

ಮೂಳೆಯಷ್ಟು ಗಟ್ಟಿಯಾದದ್ದು ಲೋಳೆಯ ಒತ್ತಡಕ್ಕೆ ಹೇಗೆ ಸೋಲುತ್ತದೆ ಎಂಬ ಪ್ರಶ್ನೆಗೆ ಬಹಳ ಕಾಲ "ಒತ್ತಡದಿಂದ" ಎಂದಷ್ಟೇ ಉತ್ತರವಿತ್ತು. ಲಂಡನ್ನಿನ ವ್ಯಾಲೆರಿ ಲಂಡ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಕೆಲಸ ಅದಕ್ಕಿಂತ ಒಳಗೆ ಹೋಗಿ ನೋಡಿತು. ಚೀಲದ ಪೊರೆಯೇ ಪ್ರೋಸ್ಟಾಗ್ಲಾಂಡಿನ್‌ನಂಥ ರಾಸಾಯನಿಕಗಳನ್ನು ಹೆಚ್ಚಾಗಿ ತಯಾರಿಸುತ್ತದೆ. ಅವು ಪಕ್ಕದ ಮೂಳೆಯನ್ನು ಕರಗಿಸುವ ಜೀವಕೋಶಗಳನ್ನು ಎಬ್ಬಿಸುತ್ತವೆ. ಏರಿಯನ್ನು ನೀರು ತಳ್ಳಿದ್ದು ಮಾತ್ರವಲ್ಲ, ಏಡಿ ಬಿಲ ತೋಡಿದಂತೆ ಒಳಗಿನಿಂದ ಕೊರೆದದ್ದೂ ಉಂಟು. ಮ್ಯೂಕೋಸೀಲ್ ಕ್ಯಾನ್ಸರ್ ಅಲ್ಲ, ಬೇರೆ ಅಂಗಕ್ಕೆ ಹರಡುವುದಿಲ್ಲ. ಆದರೆ ಮೂಳೆಯನ್ನು ಕರಗಿಸಿ ಕಣ್ಣಿನ ಗೂಡಿಗೂ ಮೆದುಳಿನ ಹೊದಿಕೆಯ ಪಕ್ಕಕ್ಕೂ ಬರುತ್ತದೆ. ಅಪಾಯ ಇರುವುದು ಅಲ್ಲಿ.

ತೂಬು ಕಟ್ಟುವ ಬಗೆಗಳು

ಎಲ್ಲರೂ ಊಹಿಸುವ ಕಾರಣಗಳಿವೆ: ಬಹುಕಾಲದ ಸೈನಸ್ ಸೋಂಕು, ಅಲರ್ಜಿ, ಜನ "ಮೂಗಿನಲ್ಲಿ ದುರ್ಮಾಂಸ" ಎನ್ನುವ ಪಾಲಿಪ್. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನಗೆ ಬರೆಯಬೇಕೆನಿಸುವುದು ಯಾರೂ ಕೇಳದ ಕಾರಣಗಳ ಬಗ್ಗೆ.

ಮೊದಲನೆಯದು ಹಳೆಯ ಏಟು. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಕಲ್ಲಿನಷ್ಟು ಗಟ್ಟಿ. ಕೊಡಗಿನಲ್ಲಿ ಹಾಕಿ ಶಾಲೆಯ ಮೈದಾನದಲ್ಲೇ ರಕ್ತಕ್ಕೆ ಹತ್ತುತ್ತದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುವುದನ್ನು ಕಾಣಬಹುದು. ಆ ಆಟದ ಮೇಲೆ ನನಗೂ ಪ್ರೀತಿ ಇದೆ, ಆಡಬೇಡಿ ಎಂದು ಹೇಳುತ್ತಿಲ್ಲ. ಹುಬ್ಬಿನ ಮೇಲೆ ಬಿದ್ದ ಏಟಿಗೆ ಹೊಲಿಗೆ ಹಾಕಿಸಿಕೊಂಡು ಮರುವಾರ ಮೈದಾನಕ್ಕೆ ಇಳಿದವರು ನಮ್ಮಲ್ಲಿ ಎಷ್ಟೋ ಜನ. ಚರ್ಮದ ಗಾಯ ಒಣಗಿದರೂ ಒಳಗೆ ಹಣೆಮೂಳೆ ಸೀಳಿರಬಹುದು. ಸೀಳಿದ ಮೂಳೆ ಕಂಡಿಯ ಜಾಗದಲ್ಲಿ ಕೂಡಿಕೊಂಡರೆ ತೂಬು ಮುಚ್ಚುತ್ತದೆ. ಇಲ್ಲವೇ ಮೂಳೆಯ ಎರಡು ಚೂರುಗಳ ನಡುವೆ ಲೋಳೆಪೊರೆಯ ಒಂದು ತುಣುಕು ಸಿಕ್ಕಿಕೊಳ್ಳುತ್ತದೆ. ಆ ತುಣುಕಿಗೆ ಗೊತ್ತಿರುವುದು ಒಸರುವ ಕೆಲಸ ಒಂದೇ, ಹೊರಗೆ ಹೋಗುವ ದಾರಿ ಅದಕ್ಕಿಲ್ಲ. ತೊಟ್ಟು ತೊಟ್ಟಾಗಿ ತುಂಬಿ ತೊಂದರೆ ಕೊಡಲು ಹತ್ತು ವರ್ಷವೂ ಹಿಡಿಯಬಹುದು, ಇಪ್ಪತ್ತು ವರ್ಷವೂ ಹಿಡಿಯಬಹುದು.

ಹಾಕಿ ಒಂದೇ ಅಲ್ಲ. ಮಳೆಗಾಲಕ್ಕೆ ಮುಂಚೆ ನೆರಳಿನ ಮರ ಕಪಾತು ಮಾಡುವಾಗ ಕೊಂಬೆ ಬಡಿದವರು, ಮೆಣಸು ಕೊಯ್ಯಲು ಹತ್ತಿ ಏಣಿಯಿಂದ ಬಿದ್ದವರು, ಸಂಪಾಜೆ ಘಾಟಿಯ ತಿರುವಿನಲ್ಲಿ ಬೈಕಿನಿಂದ ಉರುಳಿದವರು, ಸೇನೆಯಲ್ಲಿದ್ದಾಗ ಗಾಯಗೊಂಡು ಈಗ ಪಿಂಚಣಿಯಲ್ಲಿರುವವರು, ಇವರೆಲ್ಲ ಈ ಸಾಲಿಗೆ ಬರುತ್ತಾರೆ. ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕರಿಗೆ ಅಂಥ ಏಟಿನ ಚೀಟಿ, ಎಕ್ಸ್‌ರೇ ಯಾವುದೂ ಉಳಿದಿರುವುದಿಲ್ಲ. ಹುಬ್ಬಿನ ಮೇಲಿನ ಗಾಯದ ಗುರುತೇ ಅವರ ದಾಖಲೆ. ಅದನ್ನು ಬೆರಳಿಟ್ಟು ಮುಟ್ಟಿ "ಇದು ಯಾವಾಗಿನದು?" ಎಂದು ಕೇಳುವುದನ್ನು ನಾನು ಮಾವನ ಪ್ರಸಂಗದಿಂದ ಕಲಿತೆ. "ಏಟು ಬಿದ್ದಿತ್ತಾ?" ಎಂದರೆ ಇಲ್ಲ ಎನ್ನುವವರೂ ಗುರುತಿನ ಕಥೆಯನ್ನು ಮಾತ್ರ ಖಂಡಿತ ಹೇಳುತ್ತಾರೆ.

ಎರಡನೆಯದು ಹಳೆಯ ಶಸ್ತ್ರಚಿಕಿತ್ಸೆ. ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ, ಏಕೆಂದರೆ ವಾಸಿಮಾಡಲು ಮಾಡಿದ್ದೇ ಇಲ್ಲಿ ಕಾರಣ. ಮೇಲ್ತುಟಿಯನ್ನು ಎತ್ತಿ ಒಸಡಿನ ಮೇಲೆ ಕೊಯ್ದು ಕೆನ್ನೆಯ ಸೈನಸ್ಸಿಗೆ ಇಳಿಯುವ ಕಾಲ್ಡ್‌ವೆಲ್-ಲ್ಯೂಕ್ ಎಂಬ ಶಸ್ತ್ರಚಿಕಿತ್ಸೆ ಇಪ್ಪತ್ತನೆಯ ಶತಮಾನದ ಬಹುಪಾಲು ಎಲ್ಲ ಕಡೆ ನಡೆಯುತ್ತಿತ್ತು. ನ್ಯೂಯಾರ್ಕಿನ ಕಾಲ್ಡ್‌ವೆಲ್ 1893ರಲ್ಲಿ, ಪ್ಯಾರಿಸ್ಸಿನ ಲ್ಯೂಕ್ 1897ರಲ್ಲಿ ಬೇರೆಬೇರೆಯಾಗಿ ವಿವರಿಸಿದ್ದರು. ಇದರಲ್ಲಿ ಒಳಪೊರೆಯನ್ನೆಲ್ಲ ಕೆರೆದು ತೆಗೆಯುತ್ತಿದ್ದರು. ಉಳಿದ ಚೂರುಪಾರು ಪೊರೆ, ಗಾಯ ಕೂಡುವಾಗ ಎದ್ದ ನಾರಿನ ಗೋಡೆಗಳ ಹಿಂದೆ ಸಿಕ್ಕಿಕೊಂಡು ಮುಂದೆ ಮ್ಯೂಕೋಸೀಲ್ ಆಗುತ್ತಿತ್ತು. ಈ ಶಸ್ತ್ರಚಿಕಿತ್ಸೆ ಬಹಳವಾಗಿ ನಡೆದ ಜಪಾನಿನಲ್ಲಿ ಹತ್ತಾರು ವರ್ಷದ ನಂತರ ಕೆನ್ನೆ ಊದಿ ಬರುವವರ ಸಂಖ್ಯೆ ಎಷ್ಟಿತ್ತೆಂದರೆ ಅದಕ್ಕೆ ಪ್ರತ್ಯೇಕ ಹೆಸರನ್ನೇ ಇಟ್ಟರು. ನಮ್ಮಲ್ಲೂ ಅರವತ್ತು ದಾಟಿದ ಕೆಲವರು "ಹಿಂದೆ ತುಟಿಯ ಒಳಗಿಂದ ಆಪರೇಷನ್ ಮಾಡಿದ್ದರು" ಎನ್ನುತ್ತಾರೆ. ಆ ಒಂದು ಮಾತು ಸ್ಕ್ಯಾನಿನಷ್ಟೇ ಬೆಲೆಯುಳ್ಳದ್ದು.

ಹಣೆಯ ಸೈನಸ್ಸಿನಲ್ಲಿ ಇನ್ನೂ ಒಂದು ತೊಡಕಿದೆ. ಅದರ ಹಿಂಗೋಡೆಯಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಹಾಯುವ ಕುಳಿಗಳಿವೆ, ಅವುಗಳಿಗೆ ಬ್ರೆಷೆ ಕುಳಿಗಳು ಎಂದು ಹೆಸರು. ಲೋಳೆಪೊರೆ ಆ ಕುಳಿಗಳ ಒಳಗೂ ಇಳಿದಿರುತ್ತದೆ. ಹಿಂದೆ ಹಣೆಯ ಗೂಡನ್ನು ಕೆರೆದು ಹೊಟ್ಟೆಯ ಕೊಬ್ಬಿನಿಂದ ತುಂಬಿಬಿಡುವ ಪದ್ಧತಿ ಇತ್ತು. ಕುಳಿಯೊಳಗೆ ಉಳಿದ ಎಳ್ಳುಕಾಳಿನಷ್ಟು ಪೊರೆಯಿಂದಲೂ ಮತ್ತೆ ಮ್ಯೂಕೋಸೀಲ್ ಹುಟ್ಟಬಹುದಿತ್ತು. ಕಣ್ಣಿನ ಗೂಡಿನ ತಳ ಮುರಿದವರಿಗೆ ಆಧಾರಕ್ಕೆ ಇಟ್ಟ ಸಿಲಿಕೋನ್ ತಗಡಿನ ಸುತ್ತಲೂ ಹತ್ತಾರು ವರ್ಷದ ನಂತರ ಇಂಥ ಚೀಲ ಕಟ್ಟಿದ್ದುಂಟು. ಮೇಲಿನ ದವಡೆಹಲ್ಲುಗಳ ಬೇರು ಕೆನ್ನೆಯ ಸೈನಸ್ಸಿನ ತಳಕ್ಕೆ ತಾಗಿಕೊಂಡೇ ಇರುತ್ತದೆ. ಆದ್ದರಿಂದ ಅಲ್ಲಿನ ಹಲ್ಲಿನ ಸೋಂಕು, ಕಿತ್ತಾಗ ಒಳಗೆ ಉಳಿದ ಬೇರಿನ ಚೂರು, ಇಂಪ್ಲಾಂಟ್, ಇವುಗಳನ್ನೂ ಕೇಳಲೇಬೇಕು. ಮೂಗಿನ ಡಾಕ್ಟರು ಹಲ್ಲಿನ ವಿಷಯ ಏಕೆ ಕೇಳುತ್ತಾರೆ ಎಂದು ಜನ ಅಚ್ಚರಿಪಡುವುದು ಇದಕ್ಕೇ.

ಮೂರನೆಯದು ಕಂಡಿಯ ಬಾಯಲ್ಲಿ ಕೂತ ಗಡ್ಡೆ. ಹಣೆಯ ಸೈನಸ್ಸಿನಲ್ಲಿ ಆಸ್ಟಿಯೋಮ ಎಂಬ ಮೂಳೆಗಂಟು ಬೆಳೆಯುತ್ತದೆ. ಸಾಮಾನ್ಯವಾಗಿ ಬಟಾಣಿಯಷ್ಟಿದ್ದು, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಕಾಣುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಅದೇ ಗಂಟು ಕಂಡಿಯ ಮೇಲೆ ಕೂತರೆ ಹಿಂದೆ ಲೋಳೆ ಕಟ್ಟುತ್ತದೆ. ಒಬ್ಬರಲ್ಲೇ ತಲೆ ಮತ್ತು ದವಡೆಯ ಮೂಳೆಗಳಲ್ಲಿ ಇಂಥ ಹಲವು ಗಂಟುಗಳು ಕಂಡರೆ ಅವರ ದೊಡ್ಡ ಕರುಳನ್ನು ಪರೀಕ್ಷಿಸಬೇಕು. ಗಾರ್ಡ್‌ನರ್ ಸಿಂಡ್ರೋಮ್ ಎಂಬ ವಂಶವಾಹಿ ಕಾಯಿಲೆಯಲ್ಲಿ ಮೂಳೆಗಂಟುಗಳ ಜೊತೆಗೆ ಕರುಳಿನಲ್ಲಿ ನೂರಾರು ಪಾಲಿಪ್‌ಗಳಿರುತ್ತವೆ, ಚಿಕಿತ್ಸೆ ಇಲ್ಲದಿದ್ದರೆ ಅವು ಕ್ಯಾನ್ಸರಿಗೆ ತಿರುಗುತ್ತವೆ. ಹಣೆ ಊದಿದೆ ಎಂದು ಬಂದವರ ಕರುಳಿನ ಕ್ಯಾನ್ಸರ್ ತಪ್ಪಿಸಲು ಸಾಧ್ಯವಾಗುವುದು ಯಾರೋ ಸ್ಕ್ಯಾನ್ ಚಿತ್ರದ ಅಂಚಿನವರೆಗೂ ಕಣ್ಣಾಡಿಸಿದಾಗ. ಮೂಳೆಯ ಬದಲು ನಾರು ಬೆಳೆಯುವ ಫೈಬ್ರಸ್ ಡಿಸ್‌ಪ್ಲೇಸಿಯಾ, ಮೂಗಿನಲ್ಲಿ ಬೆಳೆಯುವ ಇನ್ವರ್ಟೆಡ್ ಪ್ಯಾಪಿಲೋಮ ಎಂಬ ಗಡ್ಡೆ, ಅಪರೂಪಕ್ಕೆ ಕ್ಯಾನ್ಸರ್ ಗಡ್ಡೆ ಕೂಡ ಹೀಗೇ ತೂಬು ಮುಚ್ಚಬಲ್ಲವು. ಮ್ಯೂಕೋಸೀಲ್ ಸಿಕ್ಕಿತು ಎಂದು ಸಮಾಧಾನಪಟ್ಟು ಅದನ್ನು ಕಟ್ಟಿಸಿದ್ದು ಯಾವುದು ಎಂದು ಹುಡುಕದೆ ಬಿಡಬಾರದು.

ಶಿಲೀಂಧ್ರದ ಅಲರ್ಜಿಯಿಂದ ಬರುವ ಸೈನಸ್ ಕಾಯಿಲೆಯೂ ಇದೆ. ಬಿಸಿಯೂ ತೇವವೂ ಇರುವ ಸೀಮೆಗಳಲ್ಲಿ ಹೆಚ್ಚು. ಇಲ್ಲಿ ಲೋಳೆ ಜೋನಿಬೆಲ್ಲದಷ್ಟು ದಪ್ಪ, ಕಂದು ಬಣ್ಣ. ಅಷ್ಟು ಅಂಟಾದದ್ದನ್ನು ಸಾಗಿಸಲು ರೋಮಗಳಿಗೆ ಆಗುವುದಿಲ್ಲ. ಕೋವಿಡ್ ಕಾಲದಲ್ಲಿ ಎಲ್ಲರನ್ನೂ ಹೆದರಿಸಿದ ಕಪ್ಪು ಶಿಲೀಂಧ್ರದ ಜೊತೆ ಇದನ್ನು ಬೆರೆಸಬೇಡಿ. ಅದು ದಿನಗಳಲ್ಲಿ ಮುಖವನ್ನು ತಿನ್ನುವ ರೋಗ, ಇದು ವರ್ಷಗಳ ಲೆಕ್ಕದ್ದು.

ಮಕ್ಕಳಲ್ಲಿ ಮ್ಯೂಕೋಸೀಲ್ ಬಹಳ ಅಪರೂಪ. ಕಂಡರೆ ಸಿಸ್ಟಿಕ್ ಫೈಬ್ರೋಸಿಸ್ ಇದೆಯೇ ಎಂದು ಬೆವರಿನ ಉಪ್ಪಿನ ಪರೀಕ್ಷೆ ಮಾಡಿಸಬೇಕು. ಹುಟ್ಟಿನಿಂದ ಬರುವ ಆ ಕಾಯಿಲೆಯಲ್ಲಿ ದೇಹದ ಎಲ್ಲ ಲೋಳೆಯೂ ಅಂಟಾಗಿರುತ್ತದೆ. ಪದೇಪದೇ ಕೆಮ್ಮು, ಕಫ, ತೂಕ ಹೆಚ್ಚದಿರುವುದು, ಇವಕ್ಕೆಲ್ಲ ಬೇರೆ ಬೇರೆ ಔಷಧಿ ಕೊಟ್ಟು ಸುಸ್ತಾದ ತಂದೆತಾಯಿಗೆ ನಿಜವಾದ ಉತ್ತರ ಮೂಗಿನ ಕಡೆಯಿಂದ ಸಿಗುವುದೂ ಉಂಟು.

ಕಣ್ಣು ಹೇಳುವ ದಿಕ್ಕು

ಇಷ್ಟೆಲ್ಲ ಆದರೂ ರೋಗಿಗೆ ಮೂಗಿನ ತೊಂದರೆ ಇರಲೇಬೇಕೆಂದಿಲ್ಲ. ಅನೇಕರಿಗೆ ಮೂಗು ಕಟ್ಟುವುದಿಲ್ಲ, ಸೋರುವುದಿಲ್ಲ. ಅವರು ಮೊದಲು ಹೋಗುವುದು ಕನ್ನಡಕದ ಅಂಗಡಿಗೆ ಅಥವಾ ಕಣ್ಣಿನ ಡಾಕ್ಟರ ಬಳಿಗೆ. ಕಣ್ಣು ಮುಂದೆ ಬಂದಿದೆ, ನೀರು ಸುರಿಯುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ ಎನ್ನುತ್ತಾರೆ.

ವಯಸ್ಕರಲ್ಲಿ ಕಣ್ಣು ಮುಂದೆ ಬರಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಥೈರಾಯ್ಡ್ ಕಾಯಿಲೆ. ಆದ್ದರಿಂದ ಆ ರಕ್ತಪರೀಕ್ಷೆ ಮಾಡಿಸುವುದು ಸರಿಯೇ. ಥೈರಾಯ್ಡ್‌ನಲ್ಲಿ ಸಾಮಾನ್ಯವಾಗಿ ಕಣ್ಣು ನೇರವಾಗಿ ಮುಂದಕ್ಕೆ ಬರುತ್ತದೆ, ಮೇಲಿನ ರೆಪ್ಪೆ ಮೇಲಕ್ಕೆ ಎಳೆದುಕೊಂಡಿರುತ್ತದೆ. ಮ್ಯೂಕೋಸೀಲ್ ಹಾಗಲ್ಲ, ಅದು ತಾನಿರುವ ಕಡೆಯಿಂದ ಆಚೆಗೆ ತಳ್ಳುತ್ತದೆ. ಹಣೆಯ ಸೈನಸ್ಸಿನದು ಕಣ್ಣನ್ನು ಕೆಳಕ್ಕೂ ಹೊರಕ್ಕೂ ದೂಡಿದರೆ, ಎತ್ಮಾಯ್ಡ್‌ನದು ಕಿವಿಯ ಕಡೆಗೆ ಸರಿಸುತ್ತದೆ, ಕೆನ್ನೆಯದು ಮೇಲಕ್ಕೆ ಎತ್ತುತ್ತದೆ. ಕಣ್ಣು ಯಾವ ದಿಕ್ಕಿಗೆ ಸರಿದಿದೆಯೋ ಅದರ ಎದುರು ದಿಕ್ಕಿನಲ್ಲಿ ಹುಡುಕಬೇಕು. ಅತ್ತೆ ಕಳಿಸಿದ ಎರಡು ಫೋಟೊ ನನಗೆ ಹೇಳಿದ್ದು ಇದನ್ನೇ. ಇಂಥ ರೋಗಿಗಳಿಗೆ ಹಳೆಯ ಫೋಟೊ ತನ್ನಿ ಎಂದು ಕೇಳುವುದು ಕಣ್ಣಿನ ವೈದ್ಯರ ಹಳೆಯ ಅಭ್ಯಾಸ. ಆಧಾರ್ ಕಾರ್ಡಿನ ಫೋಟೊ, ಶಾಲೆಯ ಗುಂಪಿನ ಫೋಟೊ, ಯಾವುದಾದರೂ ಆದೀತು.

ಇನ್ನು ಬೆರಳಿನ ಕೆಲಸ. ಹುಬ್ಬಿನ ಕೆಳಗೆ, ಮೂಗಿನ ಕಡೆಯ ಮೂಲೆಯಲ್ಲಿ ಮೆಲ್ಲಗೆ ಒತ್ತಿದರೆ ಊತ ಮೆತ್ತಗಿರುತ್ತದೆ, ನೋಯುವುದಿಲ್ಲ. ಮೂಳೆ ತೀರಾ ತೆಳ್ಳಗಾಗಿದ್ದರೆ ಬೇಯಿಸಿದ ಮೊಟ್ಟೆಯ ಚಿಪ್ಪನ್ನು ಅಮುಕಿದಂತೆ ಸಣ್ಣಗೆ ಕರಕರ ಎನ್ನುತ್ತದೆ. ನೋವು, ಕೆಂಪು, ಜ್ವರ ಜೊತೆಗೂಡಿದರೆ ಒಳಗೆ ಸೋಂಕು ತಗಲಿ ಲೋಳೆ ಕೀವಾಗಿದೆ ಎಂದು ಅರ್ಥ. ಆಗ ಮ್ಯೂಕೋಪಯೋಸೀಲ್ ಎನ್ನುತ್ತಾರೆ, ಕಾಯಲು ಸಮಯವಿಲ್ಲ.

ಎಲ್ಲಕ್ಕಿಂತ ಮೋಸ ಮಾಡುವುದು ಸ್ಫೀನಾಯ್ಡ್‌ನ ಮ್ಯೂಕೋಸೀಲ್. ಅದರ ಗೋಡೆಗೆ ತಾಗಿಕೊಂಡು ದೃಷ್ಟಿನರ, ಕಣ್ಣಾಡಿಸುವ ನರಗಳು, ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ, ಪಿಟ್ಯುಟರಿ ಗ್ರಂಥಿ ಎಲ್ಲವೂ ಇವೆ. ಹೊರಗೆ ಊತವಿಲ್ಲ, ಕಣ್ಣು ಸರಿದಿರುವುದೂ ಇಲ್ಲ. ಕಣ್ಣುಗಳ ಹಿಂದೆ, ನೆತ್ತಿಯಲ್ಲಿ ನೋವು ಇರುತ್ತದೆ. ಒಂದು ದಿನ ಒಂದು ಕಣ್ಣಿನ ನೋಟ ಮಂಜಾಗುತ್ತದೆ ಅಥವಾ ರೆಪ್ಪೆ ಇಳಿಬೀಳುತ್ತದೆ. ಕೆಲವರಲ್ಲಿ ಎತ್ಮಾಯ್ಡ್‌ನ ಕೊನೆಯ ಕೋಣೆ ಹಿಂದಕ್ಕೆ ಬೆಳೆದು ದೃಷ್ಟಿನರವನ್ನೇ ಸುತ್ತುವರಿದಿರುತ್ತದೆ. ಹಂಗೇರಿಯ ಓನೊಡಿ ಎಂಬ ವೈದ್ಯರ ಹೆಸರು ಆ ಕೋಣೆಗೆ ಬಂದಿದೆ. ಅಲ್ಲಿ ಲೋಳೆ ಕಟ್ಟಿದರೆ ಕಣ್ಣಿನ ಒಳಗೆ ಬೆಳಕು ಹಾಕಿ ನೋಡಿದಾಗ ಎಲ್ಲವೂ ಸರಿಯಾಗಿಯೇ ಕಾಣಬಹುದು. ದೃಷ್ಟಿನರದ ಉರಿಯೂತ ಎಂದುಕೊಂಡು ಸ್ಟೆರಾಯ್ಡ್ ಶುರುಮಾಡಿದರೆ ತುಸು ಸುಧಾರಿಸಿದಂತೆಯೂ ಆಗಬಹುದು, ನಿಜವಾದ ಕಾರಣ ಅದರಡಿ ಅಡಗಿಕೊಳ್ಳುತ್ತದೆ. ನರ ಬಹಳ ದಿನ ಒತ್ತಡದಲ್ಲಿದ್ದರೆ ಹೋದ ನೋಟ ಮರಳುವುದು ಕಷ್ಟ. ನೋಟ ಮಂಜಾದವರಿಗೆ ಒಂದು ದಿನವೂ ಕಾಯಬೇಡಿ ಎಂದು ನಾನು ಹೇಳುವುದು ಇದಕ್ಕಾಗಿ.

ಸ್ಕ್ಯಾನ್ ಓದುವುದು

ಮೂಗಿನೊಳಗೆ ಎಂಡೋಸ್ಕೋಪ್ ಹಾಕಿ ನೋಡಿದರೆ ಸಾಲದೇ ಎಂದು ಕೇಳುತ್ತಾರೆ. ನೋಡಲೇಬೇಕು. ಆದರೆ ಎಷ್ಟೋ ಸಲ ಮೂಗು ಶುಭ್ರವಾಗಿರುತ್ತದೆ, ಏಕೆಂದರೆ ತೊಂದರೆ ಇರುವುದು ಮುಚ್ಚಿದ ಬಾಗಿಲಿನ ಹಿಂದೆ. ಮಾವನ ಮೂಗಿನಲ್ಲೂ ಏನೂ ಕಾಣಲಿಲ್ಲ.

ಹಿಂದೆ ಎಕ್ಸ್‌ರೇ ಒಂದೇ ಇದ್ದ ಕಾಲದಲ್ಲೂ ಅನುಭವಿಗಳು ಇದನ್ನು ಹಿಡಿಯುತ್ತಿದ್ದರು. ಹಣೆಯ ಸೈನಸ್ಸಿನ ಅಂಚು ಹೂವಿನ ಎಸಳಿನಂತೆ ಏರಿಳಿತವಾಗಿರುತ್ತದೆ. ಮ್ಯೂಕೋಸೀಲ್ ಆ ಏರಿಳಿತವನ್ನು ಸವೆಸಿ ಬಲೂನಿನಂತೆ ನುಣುಪು ಮಾಡುತ್ತದೆ. ಅಂಚು ನುಣುಪಾಗಿದೆ ಎಂಬುದೇ ಸುಳಿವು. ಈಗ ಸಿ.ಟಿ. ಸ್ಕ್ಯಾನ್ ಇದೆ. ಗೂಡು ಪೂರ್ತಿ ತುಂಬಿದೆಯೇ, ಹಿಗ್ಗಿದೆಯೇ, ಗೋಡೆ ತೆಳ್ಳಗಾಗಿದೆಯೇ, ಕಣ್ಣಿನ ಕಡೆಯೋ ಮೆದುಳಿನ ಕಡೆಯೋ ಮೂಳೆ ಪೂರ್ತಿ ಕರಗಿದೆಯೇ, ಹಳೆಯ ಬಿರುಕಿನ ಗುರುತಿದೆಯೇ, ಕಂಡಿಯಲ್ಲಿ ಗಂಟು ಕೂತಿದೆಯೇ, ಇದೆಲ್ಲವೂ ಅದರಲ್ಲಿ ಕಾಣುತ್ತದೆ.

ಸ್ಕ್ಯಾನ್ ವರದಿ ಹಿಡಿದು ಗಾಬರಿಯಿಂದ ಬರುವ ಅನೇಕರಿಗೆ ಒಂದು ಮಾತು ಹೇಳಬೇಕು. "ರಿಟೆನ್ಶನ್ ಸಿಸ್ಟ್" ಎಂದು ಬರೆದಿದ್ದರೆ ಅದು ಮ್ಯೂಕೋಸೀಲ್ ಅಲ್ಲ. ಕೆನ್ನೆಯ ಸೈನಸ್ಸಿನ ತಳದಲ್ಲಿ ಗುಮ್ಮಟದಂತೆ ಎದ್ದಿರುವ, ಸುತ್ತ ಗಾಳಿ ಉಳಿದಿರುವ, ಮೂಳೆಯನ್ನು ಮುಟ್ಟದ ಸಣ್ಣ ಗುಳ್ಳೆ ಅದು. ತೀರಾ ಸಾಮಾನ್ಯ, ಬಹುಪಾಲು ಜನರಿಗೆ ಚಿಕಿತ್ಸೆಯೇ ಬೇಡ. ಗೂಡು ಹಿಗ್ಗಿದೆಯೇ ಇಲ್ಲವೇ ಎಂಬುದೇ ಎರಡಕ್ಕೂ ಇರುವ ವ್ಯತ್ಯಾಸ. ಇನ್ನೊಂದು ವಿಚಿತ್ರವಾದ ಸ್ಥಿತಿಯಲ್ಲಿ, ಕೆನ್ನೆಯ ಸೈನಸ್ಸಿನ ಕಂಡಿ ಮುಚ್ಚಿದರೂ ಗೂಡು ಹಿಗ್ಗುವ ಬದಲು ಒಳಕ್ಕೆ ಕುಸಿಯುತ್ತದೆ, ಕಣ್ಣು ಹೊರಬರುವ ಬದಲು ಒಳಗೆ ಇಳಿಯುತ್ತದೆ. ಒಂದೇ ತೂಬು ಕಟ್ಟಿದ್ದರೂ ಫಲ ಪೂರ್ತಿ ತಿರುಗುಮುರುಗು.

ಮೂಳೆ ಕರಗಿ ಮೆದುಳು ಅಥವಾ ಕಣ್ಣಿನ ಕಡೆ ತೆರೆದುಕೊಂಡಿದ್ದರೆ, ಗಡ್ಡೆಯ ಅನುಮಾನ ಇದ್ದರೆ ಎಂ.ಆರ್.ಐ. ಬೇಕು. ಔಷಧಿ ಚುಚ್ಚಿ ತೆಗೆದ ಚಿತ್ರದಲ್ಲಿ ಮ್ಯೂಕೋಸೀಲಿನ ಅಂಚಿನ ಪೊರೆ ಮಾತ್ರ ತೆಳುವಾಗಿ ಹೊಳೆಯುತ್ತದೆ, ಗಡ್ಡೆಯಾದರೆ ಒಳಗೂ ಹೊಳೆಯುತ್ತದೆ. ಎಂ.ಆರ್.ಐ.ಯಲ್ಲಿ ಒಂದು ಬಲೆಯೂ ಇದೆ. ಲೋಳೆ ನೀರಾಗಿದ್ದಾಗ ಒಂದು ಬಗೆಯ ಚಿತ್ರದಲ್ಲಿ ಕಪ್ಪಾಗಿ, ಇನ್ನೊಂದರಲ್ಲಿ ಬೆಳ್ಳಗೆ ಕಾಣುತ್ತದೆ. ವರ್ಷ ಕಳೆದಂತೆ ನೀರು ಆರಿ ಪ್ರೋಟೀನು ಹೆಚ್ಚಿದರೆ ಬಣ್ಣಗಳು ಅದಲುಬದಲಾಗುತ್ತವೆ. ಪೂರ್ತಿ ಒಣಗಿ ಗಟ್ಟಿಯಾದರೆ ಎರಡರಲ್ಲೂ ಕಪ್ಪು. ಗಾಳಿಯೂ ಎಂ.ಆರ್.ಐ.ಯಲ್ಲಿ ಕಪ್ಪಾಗಿಯೇ ಕಾಣುವುದರಿಂದ, ತುಂಬಿ ತುಳುಕುವ ಸೈನಸ್ಸನ್ನು ಖಾಲಿ ಎಂದು ಓದಿಬಿಡುವ ಅಪಾಯ ಇದೆ. ಆದ್ದರಿಂದ ಸಿ.ಟಿ.ಯನ್ನೂ ಎಂ.ಆರ್.ಐ.ಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಒಂದನ್ನು ಮಾಡಿಸಿ ಹಣ ಉಳಿಸೋಣ ಎನ್ನುವವರ ಕಷ್ಟ ನನಗೆ ಅರ್ಥವಾಗುತ್ತದೆ. ಹಾಗಾದರೆ ಮೊದಲು ಸಿ.ಟಿ. ಮಾಡಿಸಿ, ಎಂ.ಆರ್.ಐ. ಬೇಕೇ ಎಂದು ಅದನ್ನು ನೋಡಿದ ಮೇಲೆ ನಿರ್ಧರಿಸಬಹುದು.

ಸ್ಕ್ಯಾನ್ ಆಗುವ ಮುಂಚೆ ಯಾರೂ ಊತಕ್ಕೆ ಸೂಜಿ ಚುಚ್ಚಲು, ಕೊಯ್ದು ನೋಡಲು ಬಿಡಬೇಡಿ. ಮೂಗಿನ ಬುಡದಲ್ಲಿ ಮೆತ್ತಗೆ ಊದಿರುವುದು ಕೆಲವೊಮ್ಮೆ ಹುಟ್ಟಿನಿಂದಲೇ ಇರುವ ಮೂಳೆಯ ಬಿರುಕಿನಿಂದ ಹೊರಬಂದ ಮೆದುಳಿನ ಹೊದಿಕೆಯಾಗಿರುತ್ತದೆ, ಅದರಲ್ಲೂ ಮಕ್ಕಳಲ್ಲಿ. ಅದಕ್ಕೆ ಸೂಜಿ ತಾಗಿದರೆ ಮೆದುಳಿನ ನೀರು ಸೋರಿ ಮೆದುಳುಪೊರೆಯ ಸೋಂಕು ಆಗಬಹುದು.

ಚಿಕಿತ್ಸೆಯ ವಿಷಯ ಕಡಿಮೆ ಮಾತಿನಲ್ಲಿ ಮುಗಿಯುತ್ತದೆ. ಮಾತ್ರೆಯಿಂದ ಮ್ಯೂಕೋಸೀಲ್ ಕರಗುವುದಿಲ್ಲ. ಸೋಂಕು ಇದ್ದರೆ ಆ್ಯಂಟಿಬಯಾಟಿಕ್ ಬೇಕು, ಆದರೂ ತೂಬು ತೆರೆಯಲೇಬೇಕು. ಹಿಂದೆ ಹುಬ್ಬಿನ ಬಳಿ ಕೊಯ್ದು ಇಡೀ ಚೀಲವನ್ನು ಕಿತ್ತು ತೆಗೆಯುತ್ತಿದ್ದರು. ಮೂಳೆ ಕರಗಿದ ಕಡೆ ಚೀಲ ಮೆದುಳಿನ ಹೊದಿಕೆಗೆ ಅಂಟಿರುವುದರಿಂದ ಆ ಕೀಳುವ ಕೆಲಸವೇ ಅಪಾಯದ್ದು. ಅಮೆರಿಕದ ಡೇವಿಡ್ ಕೆನಡಿ ಮತ್ತು ಸಂಗಡಿಗರು 1989ರಲ್ಲಿ ಎಂಡೋಸ್ಕೋಪ್ ದಾರಿಯ ಫಲಿತಾಂಶ ಪ್ರಕಟಿಸಿದ ಮೇಲೆ ಯೋಚನೆಯೇ ಬದಲಾಯಿತು. ಮೂಗಿನ ಮೂಲಕ ಹೋಗಿ ಚೀಲದ ಬಾಯನ್ನು ಅಗಲವಾಗಿ ತೆರೆದುಬಿಟ್ಟರೆ ಸಾಕು, ಉಳಿದ ಪೊರೆ ಸೈನಸ್ಸಿನ ಪೊರೆಯಾಗಿಯೇ ಕೆಲಸ ಮುಂದುವರಿಸುತ್ತದೆ. ಮುಖದ ಮೇಲೆ ಗಾಯವಿಲ್ಲ, ಕರಗಿದ ಮೂಳೆ ಕೂಡ ಎಷ್ಟೋ ಜನರಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಹಣೆಯ ತೀರಾ ಹೊರ ಅಂಚಿನಲ್ಲಿರುವ ಕೆಲವಕ್ಕೆ ಮಾತ್ರ ಈಗಲೂ ಹೊರಗಿನ ದಾರಿ ಬೇಕಾಗುತ್ತದೆ.

ಮಾವನ ಸಿ.ಟಿ.ಯಲ್ಲಿ ಹಣೆಮೂಳೆಯ ಹಳೆಯ ಬಿರುಕು ಕೂಡಿಕೊಂಡ ಗೆರೆ ಸ್ಪಷ್ಟವಾಗಿತ್ತು, ಕಣ್ಣಿನ ಗೂಡಿನ ಚಾವಣಿ ಕಾಗದದಷ್ಟಾಗಿತ್ತು. ಸ್ವಂತದವರಿಗೆ ನಾನು ಕತ್ತರಿ ಹಿಡಿಯುವುದಿಲ್ಲ, ನನ್ನ ಹಿರಿಯ ಸಹೋದ್ಯೋಗಿ ಶಸ್ತ್ರಚಿಕಿತ್ಸೆ ಮಾಡಿದರು. ಚೀಲದ ಬಾಯಿ ತೆರೆದಾಗ ಇಳಿದದ್ದು ಜೇನಿನ ಬಣ್ಣದ ದಪ್ಪ ಲೋಳೆ. ಹಣೆನೋವು ವಾರದಲ್ಲಿ ಹೋಯಿತು, ಕಣ್ಣು ತನ್ನ ಸಾಲಿಗೆ ಬರಲು ಮೂರು ತಿಂಗಳು ಹಿಡಿಯಿತು. ತೆರೆದ ಬಾಯಿ ವರ್ಷಗಳ ನಂತರವೂ ಮತ್ತೆ ಮುಚ್ಚಿಕೊಳ್ಳಬಹುದಾದ್ದರಿಂದ ನೋಡುತ್ತಲೇ ಇರಬೇಕು. ವರ್ಷಕ್ಕೊಮ್ಮೆ, ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲಿ, ಮಾವ ಅತ್ತೆಯ ಜೊತೆ ಮೈಸೂರಿಗೆ ಬರುತ್ತಾರೆ. ಎಂಡೋಸ್ಕೋಪ್ ಹಾಕಿ ನೋಡುವ ಮುಂಚೆ ನಾನು ಅವರನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಒಂದು ಫೋಟೊ ತೆಗೆದುಕೊಳ್ಳುತ್ತೇನೆ.